ದೊಡ್ಡಹುಣಸೆ

ದೊಡ್ಡಹುಣಸೆಯು ಮಾಲ್ವೇಸೀ ಕುಟುಂಬಕ್ಕೆ ಸೇರಿದ, ಆಫ್ರಿಕಾ ಮೂಲದ ಒಂದು ಬೃಹತ್ ಮರ. ಅದರ ಹುಳಿ ಹಣ್ಣಿಗೂ ಇದೇ ಹೆಸರಿದೆ. ಇದರ ಶಾಸ್ತ್ರೀಯ ನಾಮ ಅಡನ್ಸೋನಿಯ ಡಿಜಿಟೇಟ. ಜಗತ್ತಿನಾದ್ಯಂತ ಇದು ಬಾವೊಬಾಬ್ ಎಂದು ಪ್ರಸಿದ್ಧವಾಗಿದೆ. ಕರ್ನಾಟಕದಲ್ಲಿ ಈ ಮರದ ಹೆಸರು ಮುಖ್ಯವಾಗಿ ಹಾವೇರಿ ಜಿಲ್ಲೆಯ ಸವಣೂರಿನೊಂದಿಗೆ ಬೆಸೆದುಕೊಂಡಿದೆ. ಆ ಊರಿನ ದೊಡ್ಡಹುಣಸೆ ಕಲ್ಮಠದ ಆವರಣದಲ್ಲಿರುವ ಮೂರು ಮರಗಳು ನಾಡಿನ ಅತಿ ದೊಡ್ಡ ಮರಗಳ ಸಾಲಿಗೆ ಸೇರುತ್ತವೆ, ಮಠದ ಹೆಸರೂ ಅವುಗಳಿಂದಲೇ ಬಂದಿದೆ.

ಹೆಸರಿನಲ್ಲಿ ಹುಣಸೆ ಇದ್ದರೂ ಸಸ್ಯಶಾಸ್ತ್ರದ ದೃಷ್ಟಿಯಿಂದ ಈ ಮರಕ್ಕೂ ಹುಣಸೆಗೂ ಹತ್ತಿರದ ಸಂಬಂಧವಿಲ್ಲ. ಹುಣಸೆಯು ಅವರೆ, ತೊಗರಿಗಳನ್ನು ಒಳಗೊಂಡ ದ್ವಿದಳ ಸಸ್ಯಗಳ ಕುಟುಂಬದ್ದು. ದೊಡ್ಡಹುಣಸೆಯು ದಾಸವಾಳ, ಹತ್ತಿ ಮತ್ತು ಬೂರುಗದ ಬಳಗದ್ದು. ಎರಡನ್ನೂ ಒಂದುಗೂಡಿಸಿದ್ದು ಹಣ್ಣಿನ ಹುಳಿ ಮಾತ್ರ. ಅಪರಿಚಿತ ಹಣ್ಣೊಂದನ್ನು ಕಂಡ ಜನರು ಅದನ್ನು ತಮಗೆ ತಿಳಿದ ರುಚಿಯ ಮೂಲಕ ಗುರುತಿಸಿದ್ದಕ್ಕೆ ಈ ಹೆಸರು ಉತ್ತಮ ನಿದರ್ಶನವಾಗಿದೆ.

ಹೆಸರುಗಳು

'ಬಾವೊಬಾಬ್' ಎಂಬ ಪದವು ಅರಬ್ಬೀ ಮೂಲದ್ದೆಂದು ಸಾಮಾನ್ಯವಾಗಿ ಒಪ್ಪಲಾಗಿದೆ. ಬಹಳ ಬೀಜಗಳುಳ್ಳ ಹಣ್ಣು ಎಂಬುದು ಅದರ ಅರ್ಥ. ಇಟಲಿಯ ವೈದ್ಯ ಹಾಗೂ ಸಸ್ಯಶಾಸ್ತ್ರಜ್ಞ ಪ್ರಾಸ್ಪೆರೊ ಆಲ್ಪಿನಿ 1592ರಲ್ಲಿ ಪ್ರಕಟಿಸಿದ ಈಜಿಪ್ಟಿನ ಸಸ್ಯಗಳ ಕುರಿತ ಗ್ರಂಥದಲ್ಲಿ ಈ ಹಣ್ಣನ್ನು ವರ್ಣಿಸಿದ್ದಾನೆ. ಅವನು ಅದನ್ನು ಕಂಡದ್ದು ಕೈರೋದ ಮಾರುಕಟ್ಟೆಯಲ್ಲಿ. ಹೀಗೆ ಯೂರೋಪಿನ ವಿದ್ವಾಂಸರಿಗೂ ಮರಕ್ಕಿಂತ ಮೊದಲು ಪರಿಚಯವಾದದ್ದು ಅದರ ಹಣ್ಣೇ.

ಕುಲನಾಮವಾದ ಅಡನ್ಸೋನಿಯವು ಫ್ರಾನ್ಸಿನ ನಿಸರ್ಗಶಾಸ್ತ್ರಜ್ಞ ಮಿಶೆಲ್ ಅಡನ್‌ಸನ್ (1727–1806) ಅವರ ಗೌರವಾರ್ಥವಾಗಿ ಬಂದುದು. ಅವರು 1749ರಿಂದ ಸುಮಾರು ಐದು ವರ್ಷ ಸೆನೆಗಲ್‌ನಲ್ಲಿದ್ದು ಈ ಮರವನ್ನು ಅಧ್ಯಯನ ಮಾಡಿದರು. ಸ್ವೀಡನ್ನಿನ ಕಾರ್ಲ್ ಲಿನೇಯಸ್ ಈ ಕುಲಕ್ಕೆ ಅವರ ಹೆಸರನ್ನಿಟ್ಟನು. 'ಡಿಜಿಟೇಟ' ಎಂದರೆ ಬೆರಳುಗಳುಳ್ಳದ್ದು. ಎಲೆಯ ಕಿರುದಳಗಳು ಅಂಗೈಯ ಬೆರಳುಗಳಂತೆ ಹರಡಿಕೊಂಡಿರುವುದು ಈ ಹೆಸರಿಗೆ ಕಾರಣ.

ಭಾರತೀಯ ಭಾಷೆಗಳ ಅನೇಕ ಹೆಸರುಗಳು ಹುಣಸೆಯ ಸುತ್ತಲೇ ಹುಟ್ಟಿಕೊಂಡಿವೆ. ಹಿಂದಿಯಲ್ಲಿ ಇದು ಗೋರಖ ಇಮಲಿ, ಮರಾಠಿಯಲ್ಲಿ ಗೋರಖ ಚಿಂಚ, ತಮಿಳಿನಲ್ಲಿ ಆನೆಯ ಹುಣಸೆ ಎಂಬರ್ಥದ ಆನೈಪ್ಪುಳಿ. ಮಧ್ಯಪ್ರದೇಶದ ಮಾಂಡುವಿನಲ್ಲಿ ಇದನ್ನು ಖುರಾಸಾನಿ ಇಮಲಿ ಎನ್ನುತ್ತಾರೆ. ಖುರಾಸಾನವು ಇಂದಿನ ಇರಾನಿನ ಈಶಾನ್ಯ ಭಾಗ ಮತ್ತು ಅದರ ಆಚೆಗಿನ ಪ್ರದೇಶದ ಹೆಸರು. ಮರವು ಅಲ್ಲಿಯದಲ್ಲ, ಆದರೆ ದೂರದೇಶದಿಂದ ಬಂದ ಹುಣಸೆ ಎಂಬ ತಿಳಿವಳಿಕೆ ಆ ಹೆಸರಿನಲ್ಲಿ ಉಳಿದುಕೊಂಡಿದೆ. ಕನ್ನಡದಲ್ಲಿ ದೊಡ್ಡಹುಣಸೆ ಮತ್ತು ಆನೆಹುಣಸೆ ಎಂಬ ರೂಪಗಳಿವೆ. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಮರವನ್ನೂ ಗಿಡವೆಂದೇ ಕರೆಯುವುದರಿಂದ, ಈ ಬೃಹತ್ ವೃಕ್ಷವೂ ಅಲ್ಲಿ 'ದೊಡ್ಡ ಹುಣಸಿ ಗಿಡ'ವೇ.

ಹೊರಗಿನಿಂದ ಬಂದ ಕಾಯಿ, ಹಣ್ಣುಗಳಿಗೆ ಕನ್ನಡವು ಹೀಗೆ ಮನೆಯ ಪದವನ್ನೇ ತೊಡಿಸಿದ ಉದಾಹರಣೆಗಳು ಬಹಳ ಇವೆ. ಅಮೆರಿಕ ಖಂಡದಿಂದ ಬಂದ ಕಾಯಿಯು ಕರಿಮೆಣಸಿನ ಖಾರವನ್ನು ನೆನಪಿಸಿದ್ದರಿಂದ ಮೆಣಸಿನಕಾಯಿಯಾಯಿತು. ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಸುರುಳಿ ಕಾಯಿಯ ಮುಳ್ಳುಮರವು ಸೀಮೆಹುಣಸೆಯಾಯಿತು. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚ್ಯಂಕ ದೊರೆತಿದೆ. ಅಂದರೆ ಹೊರಗಿನಿಂದ ಬಂದ ಬೆಳೆಯೊಂದು ಇಂದು ಕಾನೂನಿನ ಪ್ರಕಾರವೇ ಈ ನೆಲದ ಗುರುತಾಗಿದೆ.

ಇಲ್ಲಿ ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ದೊಡ್ಡಹುಣಸೆಯನ್ನು ಅಳೆಯಲು ಬಳಸಿದ ಹುಣಸೆಯೂ ಮೂಲತಃ ಉಷ್ಣವಲಯದ ಆಫ್ರಿಕಾದ್ದೆಂದು ಸಸ್ಯಶಾಸ್ತ್ರಜ್ಞರು ಭಾವಿಸುತ್ತಾರೆ. ಅದು ಬಹು ಪ್ರಾಚೀನ ಕಾಲದಲ್ಲಿಯೇ ಭಾರತವನ್ನು ಸೇರಿ ಇಲ್ಲಿಯದೇ ಎನಿಸಿಕೊಂಡಿತು. ಅರಬ್ಬರು ಅದನ್ನು ತಮರ್ ಹಿಂದಿ, ಅಂದರೆ ಹಿಂದೂದೇಶದ ಖರ್ಜೂರ ಎಂದು ಕರೆದರು. ಅದರಿಂದಲೇ ಟ್ಯಾಮರಿಂಡ್ ಎಂಬ ಇಂಗ್ಲಿಷ್ ಪದವೂ ಟ್ಯಾಮರಿಂಡಸ್ ಇಂಡಿಕ ಎಂಬ ಶಾಸ್ತ್ರೀಯ ನಾಮವೂ ಬಂದವು. ಒಂದೇ ಖಂಡದಿಂದ ಬಂದ ಎರಡು ಹುಳಿಹಣ್ಣುಗಳಲ್ಲಿ ಮೊದಲು ಬಂದದ್ದು ಮನೆಯದಾಯಿತು, ಅನಂತರ ಬಂದದ್ದು ಅದರ ಹೆಸರನ್ನು ಎರವಲು ಪಡೆಯಿತು.

ಮರದ ಲಕ್ಷಣಗಳು

ದೊಡ್ಡಹುಣಸೆಯ ಕಾಂಡವು ಎತ್ತರಕ್ಕೆ ಹೋಲಿಸಿದರೆ ಅಸಾಧಾರಣವಾಗಿ ದಪ್ಪ. ಬಲಿತ ಮರಗಳು ಸಾಮಾನ್ಯವಾಗಿ 25 ಮೀಟರಿಗಿಂತ ಎತ್ತರ ಬೆಳೆಯುವುದಿಲ್ಲ. ಆದರೆ ಸುತ್ತಳತೆ 10 ಮೀಟರನ್ನು ಸುಲಭವಾಗಿ ದಾಟುತ್ತದೆ, ಕೆಲವೆಡೆ 25 ಮೀಟರಿಗೂ ಮೀರುತ್ತದೆ. ತೊಗಟೆ ನುಣುಪಾಗಿದ್ದು ಬೂದು ಅಥವಾ ತಾಮ್ರದ ಛಾಯೆ ಹೊಂದಿರುತ್ತದೆ ಮತ್ತು ಆನೆಯ ಚರ್ಮದಂತೆ ಮಡಿಕೆಗಟ್ಟಿರುತ್ತದೆ. ಇತರ ಬಹುಪಾಲು ಮರಗಳು ತೊಗಟೆಯನ್ನು ಸುತ್ತಲೂ ಕಳೆದುಕೊಂಡರೆ ಸಾಯುತ್ತವೆ. ಈ ಮರ ಮಾತ್ರ ಸುಲಿದ ಜಾಗದಲ್ಲಿ ಹೊಸ ತೊಗಟೆಯನ್ನು ಬೆಳೆಸಿಕೊಳ್ಳಬಲ್ಲದು.

ಇದರ ಮರಮುಟ್ಟು ಹಗುರ ಮತ್ತು ಸ್ಪಂಜಿನಂತೆ ಮೆದು. ತೂಕದ ಹೆಚ್ಚಿನ ಪಾಲು ನೀರು. ಮಳೆಗಾಲದಲ್ಲಿ ಕಾಂಡವು ಕೊಂಚ ಉಬ್ಬಿ, ಬೇಸಗೆಯಲ್ಲಿ ಕುಗ್ಗುತ್ತದೆ. ಈ ಕಾರಣದಿಂದ ದೊಡ್ಡಹುಣಸೆಯು ತೊಲೆಗಾಗಲೀ ಬಾಗಿಲಿಗಾಗಲೀ ಉಪಯೋಗಕ್ಕೆ ಬಾರದು, ಸೌದೆಯಾಗಿಯೂ ಚೆನ್ನಾಗಿ ಉರಿಯದು. ಕೊಡಲಿಗೆ ಬೇಡವಾದುದೇ ಹಳೆಯ ಮರಗಳು ಉಳಿದುಬರಲು ಒಂದು ಕಾರಣವಾಗಿರಬಹುದು.

ಮರವು ವರ್ಷದ ಒಣ ತಿಂಗಳುಗಳಲ್ಲಿ ಎಲೆಯುದುರಿಸಿ ಬೋಳಾಗಿ ನಿಲ್ಲುತ್ತದೆ. ಆಗ ದಪ್ಪ ಕಾಂಡದ ತುದಿಯಲ್ಲಿ ಹರಡಿದ ಕೊಂಬೆಗಳು ಬೇರುಗಳಂತೆ ಕಾಣುತ್ತವೆ. ದೇವರು ಇದನ್ನು ಕಿತ್ತು ತಲೆಕೆಳಗಾಗಿ ನೆಟ್ಟನೆಂಬ ಕಥೆ ಆಫ್ರಿಕಾದ ಹಲವು ಜನಾಂಗಗಳಲ್ಲಿ ಪ್ರಚಲಿತವಾಗಿದೆ. ಮಳೆಗಾಲ ಸಮೀಪಿಸಿದಾಗ ಐದರಿಂದ ಏಳು ಕಿರುದಳಗಳುಳ್ಳ ಎಲೆಗಳು ಮೂಡುತ್ತವೆ.

ಹೂಗಳು ಬಿಳಿಯವು, ದೊಡ್ಡವು, ಉದ್ದವಾದ ತೊಟ್ಟಿನಿಂದ ತಲೆಕೆಳಗಾಗಿ ತೂಗುವಂಥವು. ಅವು ಸಂಜೆ ಅರಳಿ ಮರುದಿನವೇ ಬಾಡುತ್ತವೆ. ರಾತ್ರಿ ಸಂಚರಿಸುವ ಹಣ್ಣುಬಾವಲಿಗಳು ಮತ್ತು ದೊಡ್ಡ ಪತಂಗಗಳು ಪರಾಗಸ್ಪರ್ಶ ನಡೆಸುತ್ತವೆ. ಬಹುತೇಕ ಮರಗಳಲ್ಲಿ ಕಾಯಿ ಚೆನ್ನಾಗಿ ಕಚ್ಚಲು ಬೇರೊಂದು ಮರದ ಪರಾಗ ಬೇಕಾಗುತ್ತದೆ. ಆದ್ದರಿಂದ ಒಂಟಿಯಾಗಿ ನಿಂತ ಮರಗಳಲ್ಲಿ ಕಾಯಿ ಕಡಿಮೆ. ಕೆಲವು ಮರಗಳ ಗುಂಪು ಇದ್ದರೆ ಹೆಚ್ಚು ಅನುಕೂಲ.

ಹಣ್ಣು

ಹೂ ಬಿಟ್ಟ ಸುಮಾರು ಐದಾರು ತಿಂಗಳಿಗೆ ಹಣ್ಣು ಬಲಿಯುತ್ತದೆ. ಅದರ ಆಕಾರ ಉರುಟಿನಿಂದ ಸೋರೆಬುರುಡೆಯಂತೆ ನೀಳವಾದುದರವರೆಗೆ ಮರದಿಂದ ಮರಕ್ಕೆ ಬದಲಾಗುತ್ತದೆ. ಉದ್ದ ಸಾಮಾನ್ಯವಾಗಿ 12ರಿಂದ 30 ಸೆಂಟಿಮೀಟರ್. ಹೊರಚಿಪ್ಪು ಕಟ್ಟಿಗೆಯಂತೆ ಗಟ್ಟಿಯಾಗಿದ್ದು, ಅದರ ಮೇಲೆ ಹಸಿರುಮಿಶ್ರಿತ ಹಳದಿ ಅಥವಾ ಕಂದು ಬಣ್ಣದ ಮಖಮಲ್ಲಿನಂತಹ ನವಿರು ರೋಮಗಳಿರುತ್ತವೆ. ಕೈಯಿಂದ ಬಿಡಿಸಲಾಗದು, ಕಲ್ಲಿನಿಂದಲೋ ಸುತ್ತಿಗೆಯಿಂದಲೋ ಒಡೆಯಬೇಕು.

ಮಾವು, ಪೇರಲದಂತಹ ಹಣ್ಣುಗಳ ತಿರುಳು ರಸಭರಿತವಾಗಿರುತ್ತದೆ. ದೊಡ್ಡಹುಣಸೆಯ ತಿರುಳು ಮರದ ಮೇಲಿರುವಾಗಲೇ ಚಿಪ್ಪಿನೊಳಗೆ ತಾನಾಗಿ ಒಣಗಿ, ಕೆನೆಬಣ್ಣದ ಹಿಟ್ಟಿನ ಗಟ್ಟಿಗಳಾಗುತ್ತದೆ. ಈ ಗಟ್ಟಿಗಳು ಕೆಂಪು ಛಾಯೆಯ ನಾರುಗಳ ನಡುವೆ, ಮೂತ್ರಪಿಂಡದ ಆಕಾರದ ಕಂದು ಬೀಜಗಳನ್ನು ಸುತ್ತಿಕೊಂಡಿರುತ್ತವೆ. ಬಾಯಿಗೆ ಹಾಕಿದರೆ ಹಿಟ್ಟು ನಿಧಾನವಾಗಿ ಕರಗಿ ಹುಳಿ, ಅದರ ಹಿಂದೆಯೇ ನಸುಸಿಹಿ ಬರುತ್ತದೆ. ಸಿಟ್ರಿಕ್, ಟಾರ್ಟಾರಿಕ್ ಮತ್ತು ಮ್ಯಾಲಿಕ್ ಆಮ್ಲಗಳು ಈ ಹುಳಿಗೆ ಕಾರಣ. ಇವುಗಳಲ್ಲಿ ಟಾರ್ಟಾರಿಕ್ ಆಮ್ಲವು ಹುಣಸೆಹಣ್ಣಿನ ಮುಖ್ಯ ಆಮ್ಲವೂ ಆಗಿದೆ. ಜನರ ನಾಲಗೆ ಗುರುತಿಸಿದ ಹೋಲಿಕೆಗೆ ಹೀಗೆ ರಸಾಯನಶಾಸ್ತ್ರದ ಆಧಾರವೂ ಇದೆ.

ಒಣ ತಿರುಳಿನಲ್ಲಿ ಸಿ ಜೀವಸತ್ವ ಸಮೃದ್ಧವಾಗಿದೆ. ಮರ ಮತ್ತು ಪ್ರದೇಶಕ್ಕೆ ಅನುಗುಣವಾಗಿ ಪ್ರಮಾಣ ಬದಲಾದರೂ, 100 ಗ್ರಾಂ ತಿರುಳಿನಲ್ಲಿ 200ರಿಂದ 300 ಮಿಲಿಗ್ರಾಂ ಇರುವುದು ಸಾಮಾನ್ಯ; ಅಷ್ಟೇ ತೂಕದ ಕಿತ್ತಳೆಯಲ್ಲಿ ಇರುವುದು ಸುಮಾರು 50 ಮಿಲಿಗ್ರಾಂ. ಆದರೆ ಒಂದು ಒಣ ಪದಾರ್ಥ, ಇನ್ನೊಂದು ರಸಭರಿತ ಹಣ್ಣು ಎಂಬುದನ್ನು ಹೋಲಿಸುವಾಗ ನೆನಪಿಡಬೇಕು. ತಿರುಳಿನಲ್ಲಿ ಪೆಕ್ಟಿನ್ ಮತ್ತು ನಾರಿನಂಶವೂ ಹೆಚ್ಚು. ಬೀಜಗಳಲ್ಲಿ ಎಣ್ಣೆ ಮತ್ತು ಪ್ರೋಟೀನ್ ಇವೆ.

ಉಪಯೋಗಗಳು

ಆಫ್ರಿಕಾದಲ್ಲಿ ದೊಡ್ಡಹುಣಸೆಯ ಬಹುತೇಕ ಎಲ್ಲ ಭಾಗಗಳೂ ಬಳಕೆಯಲ್ಲಿವೆ. ತಿರುಳನ್ನು ನೀರಿನಲ್ಲಿಯೋ ಹಾಲಿನಲ್ಲಿಯೋ ಕದಡಿ ಪಾನಕ ಮಾಡುವುದು ಪಶ್ಚಿಮ ಆಫ್ರಿಕಾದಲ್ಲಿ ವಾಡಿಕೆ. ಕೀನ್ಯ ಮತ್ತು ತಾಂಜಾನಿಯ ಕರಾವಳಿಯಲ್ಲಿ ತಿರುಳು ಮೆತ್ತಿದ ಬೀಜಗಳಿಗೆ ಸಕ್ಕರೆ ಪಾಕ ಮತ್ತು ಬಣ್ಣ ಹಾಕಿ ಮಕ್ಕಳ ಮಿಠಾಯಿಯಾಗಿ ಮಾರುತ್ತಾರೆ. ಉತ್ತರ ನೈಜೀರಿಯದ ಹೌಸಾ ಜನರು ಒಣಗಿಸಿದ ಎಲೆಯ ಪುಡಿಯಿಂದ ಸಾರು ತಯಾರಿಸುತ್ತಾರೆ. ಒಳತೊಗಟೆಯ ನಾರಿನಿಂದ ಹಗ್ಗ ಹೊಸೆಯಲಾಗುತ್ತದೆ. ಗುಜರಾತಿನ ಮೀನುಗಾರರು ಒಣಗಿದ ಕಾಯಿಗಳನ್ನು ಬಲೆಯ ತೇಲುಬುರುಡೆಗಳಾಗಿ ಬಳಸುತ್ತಿದ್ದುದುಂಟು.

ಈ ಹಣ್ಣಿನ ತಿರುಳನ್ನು ಯೂರೋಪಿಯನ್ ಒಕ್ಕೂಟವು 2008ರಲ್ಲಿ 'ನೂತನ ಆಹಾರ'ವೆಂದು ಪರಿಗಣಿಸಿ ಮಾರಾಟಕ್ಕೆ ಅನುಮತಿ ನೀಡಿತು. ಆಫ್ರಿಕಾದ ಹಳ್ಳಿಗಳಲ್ಲಿ ತಲೆಮಾರುಗಳಿಂದ ಉಣ್ಣುತ್ತಿದ್ದ, ಕೈರೋದಲ್ಲಿ ನಾಲ್ಕು ಶತಮಾನಗಳ ಹಿಂದೆಯೇ ಬಿಕರಿಯಾಗುತ್ತಿದ್ದ ಹಣ್ಣು ಈ ಪಟ್ಟಿಗೆ ಸೇರಿದ್ದು, ಯಾವುದು ಹೊಸತು ಎಂಬುದು ನೋಡುವವರನ್ನು ಅವಲಂಬಿಸಿದೆ ಎಂಬುದನ್ನು ತೋರಿಸುತ್ತದೆ.

ಮೂಲ ಮತ್ತು ಭಾರತಕ್ಕೆ ಆಗಮನ

ಅಡನ್ಸೋನಿಯ ಕುಲದಲ್ಲಿ ಎಂಟು ಪ್ರಭೇದಗಳನ್ನು ಗುರುತಿಸಲಾಗಿದೆ. ಅವುಗಳಲ್ಲಿ ಆರು ಮಡಗಾಸ್ಕರ್ ದ್ವೀಪಕ್ಕೆ, ಒಂದು ವಾಯವ್ಯ ಆಸ್ಟ್ರೇಲಿಯಕ್ಕೆ ಸೀಮಿತವಾಗಿವೆ. ದೊಡ್ಡಹುಣಸೆಯೊಂದೇ ಆಫ್ರಿಕಾದ ಮುಖ್ಯ ಭೂಭಾಗದ್ದು. ಅಲ್ಲಿನ ಸಹಾರಾದ ದಕ್ಷಿಣದ ಒಣ ಹುಲ್ಲುಗಾವಲುಗಳು ಇದರ ಸಹಜ ನೆಲೆ.

ಭಾರತದಲ್ಲಿ ಇದು ಹೆಚ್ಚಾಗಿ ಕೋಟೆ, ದರ್ಗಾ, ಮಠ, ದೇವಾಲಯ, ಬಂದರು ಮತ್ತು ಹಳೆಯ ವ್ಯಾಪಾರದ ಊರುಗಳ ಬಳಿ ಕಂಡುಬರುತ್ತದೆ. ಹೈದರಾಬಾದಿನ ಗೋಲ್ಕೊಂಡದ ನಯಾ ಕಿಲಾದಲ್ಲಿರುವ, ಸುಮಾರು 27 ಮೀಟರ್ ಸುತ್ತಳತೆಯ ಮರವು ದೇಶದ ಅತಿ ದಪ್ಪನೆಯ ಮರಗಳಲ್ಲೊಂದು. ಆದಿಲ್‌ಶಾಹಿಗಳ ರಾಜಧಾನಿಯಾಗಿದ್ದ ವಿಜಯಪುರದಲ್ಲಿ, ಮಾಂಡುವಿನಲ್ಲಿ, ಗುಜರಾತಿನಲ್ಲಿ ಮತ್ತು ಮುಂಬಯಿ ಸುತ್ತಮುತ್ತ ಹಳೆಯ ಮರಗಳಿವೆ. ಉತ್ತರ ಪ್ರದೇಶದ ಬಾರಾಬಂಕಿ ಜಿಲ್ಲೆಯ ಕಿಂತೂರಿನಲ್ಲಿ ಇದೇ ಪ್ರಭೇದದ ಮರವನ್ನು ಪಾರಿಜಾತವೆಂದು ಪೂಜಿಸುತ್ತಾರೆ.

ಈ ಮರಗಳು ಬಂದ ಬಗೆಯನ್ನು ವಂಶವಾಹಿಗಳ ಹೋಲಿಕೆಯಿಂದ ಪರೀಕ್ಷಿಸಿದ ಅಧ್ಯಯನವೊಂದು 2015ರಲ್ಲಿ ಇಂಗ್ಲೆಂಡಿನ ರಾಯಲ್ ಸೊಸೈಟಿಯ ನಿಯತಕಾಲಿಕದಲ್ಲಿ ಪ್ರಕಟವಾಯಿತು. ಕ್ಯಾರೆನ್ ಬೆಲ್, ಹರಿಪ್ರಿಯಾ ರಂಗನ್ ಮತ್ತು ಸಂಗಡಿಗರು ನಡೆಸಿದ ಈ ಅಧ್ಯಯನದ ಪ್ರಕಾರ, ಭಾರತ ಉಪಖಂಡಕ್ಕೆ ದೊಡ್ಡಹುಣಸೆಯು ಒಮ್ಮೆ ಮಾತ್ರವಲ್ಲ, ಬೇರೆ ಬೇರೆ ಕಾಲಗಳಲ್ಲಿ ಆಫ್ರಿಕಾದ ಬೇರೆ ಬೇರೆ ಭಾಗಗಳಿಂದ ಬಂದಿದೆ. ಪೂರ್ವ ಆಫ್ರಿಕಾದ ಕರಾವಳಿಯ ಮರಗಳೊಂದಿಗೆ ಹೆಚ್ಚಿನ ಸಾಮ್ಯ ಕಂಡುಬಂದರೆ, ಕೆಲವು ಮರಗಳಲ್ಲಿ ಪಶ್ಚಿಮ ಆಫ್ರಿಕಾದ ನಂಟೂ ಕಾಣಿಸಿತು.

ಅರಬ್ಬೀ ಸಮುದ್ರದ ವ್ಯಾಪಾರ, ಪೋರ್ಚುಗೀಸರೇ ಮೊದಲಾದ ಯೂರೋಪಿಯನ್ನರ ಹಡಗುಗಳು, ಸೈನಿಕರಾಗಿಯೂ ಗುಲಾಮರಾಗಿಯೂ ನಾವಿಕರಾಗಿಯೂ ಬಂದ ಆಫ್ರಿಕನ್ನರು, ಇವೆಲ್ಲವೂ ಈ ಸಾಗಣೆಗೆ ಸಾಧ್ಯವಿದ್ದ ದಾರಿಗಳು. ದಖ್ಖನಿನ ಸುಲ್ತಾನರ ಆಸ್ಥಾನಗಳಲ್ಲಿ ಹಬ್ಶಿಗಳೆಂದು ಕರೆಯಲ್ಪಡುತ್ತಿದ್ದ ಆಫ್ರಿಕಾ ಮೂಲದವರು ಉನ್ನತ ಅಧಿಕಾರ ಪಡೆದಿದ್ದರು; ಅಹಮದ್‌ನಗರದ ಮಲಿಕ್ ಅಂಬರ್ ಅವರಲ್ಲಿ ಪ್ರಸಿದ್ಧ. ಹಾವೇರಿ ಜಿಲ್ಲೆಗೆ ಹೊಂದಿಕೊಂಡಿರುವ ಉತ್ತರ ಕನ್ನಡದ ಮುಂಡಗೋಡ, ಯಲ್ಲಾಪುರ, ಹಳಿಯಾಳ ತಾಲೂಕುಗಳಲ್ಲಿ ಆಫ್ರಿಕಾ ಮೂಲದ ಸಿದ್ದಿ ಸಮುದಾಯವು ಇಂದಿಗೂ ನೆಲೆಸಿದೆ. ಗಟ್ಟಿ ಚಿಪ್ಪಿನೊಳಗೆ ಒಣಗಿದ ತಿರುಳು ಬಹುಕಾಲ ಕೆಡದಿರುವುದರಿಂದ, ಉದ್ದನೆಯ ಹಡಗು ಪ್ರಯಾಣಕ್ಕೆ ಇದು ಒಪ್ಪುವ ಆಹಾರವಾಗಿತ್ತು. ತಿಂದು ಉಗುಳಿದ ಬೀಜವೂ ಮೊಳೆಯಬಲ್ಲದಾಗಿತ್ತು.

ಸವಣೂರಿನ ಮರಗಳು

ಹಾವೇರಿ ಜಿಲ್ಲೆಯ ಪಶ್ಚಿಮದ ಹಾನಗಲ್ಲು ಮತ್ತು ಶಿಗ್ಗಾಂವಿ ತಾಲೂಕಿನ ದುಂಡಸಿಯ ಕಡೆ ಮಲೆನಾಡಿನ ಸೆರಗಿದೆ. ಅಲ್ಲಿಂದ ಪೂರ್ವಕ್ಕೆ ಸವಣೂರಿನತ್ತ ಬಂದಂತೆ ನೆಲ ಬಯಲಾಗುತ್ತದೆ, ಮಳೆ ಕಡಿಮೆಯಾಗುತ್ತದೆ. ಒಣ ಹವೆಯನ್ನು ಬಯಸುವ ದೊಡ್ಡಹುಣಸೆಗೆ ಈ ಬಯಲು ಒಗ್ಗಿದೆ.

ಸವಣೂರು 1948ರವರೆಗೆ ನವಾಬರ ಆಳ್ವಿಕೆಯ ಸಂಸ್ಥಾನವಾಗಿತ್ತು. ಉತ್ತರಾದಿ ಮಠದ ಸತ್ಯಬೋಧ ತೀರ್ಥರ ಬೃಂದಾವನ ಇರುವ ಊರಿದು, ಕವಿ ವಿ. ಕೃ. ಗೋಕಾಕರು 1909ರಲ್ಲಿ ಹುಟ್ಟಿದ ಊರೂ ಹೌದು. ಇಲ್ಲಿನ ವೀಳ್ಯದೆಲೆ ಮತ್ತು ಖಾರ ದೂರದವರೆಗೂ ಹೆಸರಾಗಿವೆ. ಕಲ್ಮಠದ ಆವರಣದ ಮೂರು ದೊಡ್ಡಹುಣಸೆ ಮರಗಳು ಪರಸ್ಪರ ಹತ್ತಿರದಲ್ಲಿಯೇ ನೆಲೆಗೊಂಡಿದ್ದು, ಪ್ರತಿಯೊಂದರ ಸುತ್ತಳತೆಯೂ 10 ಮೀಟರಿಗಿಂತ ಹೆಚ್ಚು. ಸ್ಥಳೀಯ ಐತಿಹ್ಯಗಳು ಅವುಗಳ ನೆಡುವಿಕೆಯನ್ನು ಪುರಾಣಕಾಲಕ್ಕೆ ಒಯ್ಯುತ್ತವೆ. ಭಕ್ತರು ಮರಗಳಿಗೆ ಪೂಜೆ ಸಲ್ಲಿಸುತ್ತಾರೆ. ಶಾಲಾಮಕ್ಕಳೂ ಪ್ರವಾಸಿಗರೂ ನೋಡಲು ಬರುತ್ತಾರೆ.

2023ರ ಜುಲೈ ತಿಂಗಳ ಮಳೆಯಲ್ಲಿ ಮೂರು ಮರಗಳ ಪೈಕಿ ಒಂದು ಬುಡಸಹಿತ ಉರುಳಿಬಿತ್ತು. ಅದನ್ನು ಕಡಿದು ಸಾಗಿಸುವ ಬದಲು, ಕೊಂಬೆಗಳನ್ನು ಸವರಿ, ಯಂತ್ರಗಳ ನೆರವಿನಿಂದ ಮೇಲೆತ್ತಿ ಮತ್ತೆ ನೆಡಲಾಯಿತು. ಇಷ್ಟು ದೊಡ್ಡ ಗಾತ್ರದ ಬೇರೆ ಮರವಾಗಿದ್ದರೆ ಇಂತಹ ಪ್ರಯತ್ನಕ್ಕೆ ಅರ್ಥವಿರುತ್ತಿರಲಿಲ್ಲ. ದೊಡ್ಡಹುಣಸೆಯ ಕಾಂಡದಲ್ಲಿ ನೀರು ಮತ್ತು ಪಿಷ್ಟದ ಸಂಗ್ರಹವಿರುವುದರಿಂದ, ಬೇರು ಹರಿದ ಮೇಲೂ ಅದು ಕೆಲಕಾಲ ಜೀವ ಹಿಡಿದಿರಬಲ್ಲದು. ಆಫ್ರಿಕಾದಲ್ಲಿ ನೆಲಕ್ಕೊರಗಿದ ಕಾಂಡಗಳಿಂದಲೇ ಹೊಸ ಚಿಗುರುಗಳು ಮೇಲೆದ್ದು ಮರಗಳಾದ ನಿದರ್ಶನಗಳಿವೆ.

ವಯಸ್ಸಿನ ಪ್ರಶ್ನೆ

ಸವಣೂರಿನ ಮರಗಳಿಗೆ ಎರಡು ಸಾವಿರ ವರ್ಷ ವಯಸ್ಸಾಗಿದೆ ಎಂಬ ಮಾತು ವ್ಯಾಪಕವಾಗಿ ಪ್ರಚಾರದಲ್ಲಿದೆ. ಆದರೆ ದೊಡ್ಡಹುಣಸೆಯ ವಯಸ್ಸನ್ನು ಗಾತ್ರದಿಂದ ನಿರ್ಧರಿಸಲಾಗದು. ಮರದ ಬೆಳವಣಿಗೆಯ ವೇಗ ಮಣ್ಣು ಮತ್ತು ನೀರಿಗೆ ತಕ್ಕಂತೆ ಬಹಳ ಬದಲಾಗುತ್ತದೆ. ತೇಗದಂತಹ ಮರದಲ್ಲಿ ವರ್ಷಕ್ಕೊಂದರಂತೆ ಎಣಿಸಬಹುದಾದ ಉಂಗುರಗಳು ಇದರಲ್ಲಿ ಸ್ಪಷ್ಟವಾಗಿರುವುದಿಲ್ಲ, ಎಷ್ಟೋ ವೇಳೆ ಒಳಭಾಗವೇ ಟೊಳ್ಳಾಗಿರುತ್ತದೆ. ಜೊತೆಗೆ, ಒಂದೇ ಎಂದು ಕಾಣುವ ಕಾಂಡವು ಹಲವು ಕಾಂಡಗಳು ಕಾಲಾನುಕ್ರಮದಲ್ಲಿ ಕೂಡಿಕೊಂಡು ಆದದ್ದಿರಬಹುದು.

ಇದಕ್ಕೆ ನಂಬಲರ್ಹವಾದ ವಿಧಾನವೆಂದರೆ ಮರದ ಒಳಗಿನ ಚಿಕ್ಕ ಚೂರುಗಳ ಇಂಗಾಲ-14 ಪರೀಕ್ಷೆ. ರೊಮೇನಿಯದ ಏಡ್ರಿಯನ್ ಪಟ್ರುಟ್ ಮತ್ತು ಸಂಗಡಿಗರು ಈ ವಿಧಾನದಿಂದ ಆಫ್ರಿಕಾದ ಅನೇಕ ಮರಗಳನ್ನು ಪರೀಕ್ಷಿಸಿದ್ದಾರೆ. ಜಿಂಬಾಬ್ವೆಯ ಪಾಂಕೆ ಎಂಬ ಮರವು ಸುಮಾರು 2,450 ವರ್ಷ ಬದುಕಿತ್ತೆಂದು ಕಂಡುಬಂತು. ಭಾರತದಲ್ಲಿ ಕಿಂತೂರಿನ ಪಾರಿಜಾತ ಮತ್ತು ಪ್ರಯಾಗರಾಜದ ಸಮೀಪದ ಝೂಸಿಯ ಮರಗಳ ವಯಸ್ಸು ಸುಮಾರು 800 ವರ್ಷವೆಂದು 2020ರಲ್ಲಿ ಪ್ರಕಟವಾಯಿತು. ಆಫ್ರಿಕಾದ ಹೊರಗೆ ಈ ವಿಧಾನದಿಂದ ದೃಢಪಟ್ಟ ಹಿರಿಯ ಮರಗಳು ಅವು. ಆ ಎರಡು ಮರಗಳ ಕುರಿತೂ ಸಹಸ್ರಾರು ವರ್ಷಗಳ ಐತಿಹ್ಯಗಳಿದ್ದವು. ಆದುದರಿಂದ ಸವಣೂರಿನ ಎರಡು ಸಾವಿರ ವರ್ಷಗಳನ್ನು ಅಳತೆಯೆಂದು ತಿಳಿಯದೆ ಐತಿಹ್ಯವೆಂದು ಓದುವುದು ಉಚಿತ. ಮರದ ಮಹತ್ವವು ಇದರಿಂದ ಕಡಿಮೆಯಾಗುವುದಿಲ್ಲ; ಕೆಲವು ನೂರು ವರ್ಷಗಳೇ ಆಗಿದ್ದರೂ ಅದು ಊರಿನ ಹತ್ತಾರು ತಲೆಮಾರುಗಳನ್ನು ಕಂಡಿದೆ.

ಕಲ್ಪಿತ ಲೋಕಗಳಲ್ಲಿ

ವಿಲಕ್ಷಣ ಆಕಾರದಿಂದಾಗಿ ದೊಡ್ಡಹುಣಸೆಯು ಭೂಮಿಯಾಚೆಯ ಲೋಕಗಳ ಕಲ್ಪನೆಯಲ್ಲೂ ಕಾಣಿಸಿಕೊಂಡಿದೆ. ಫ್ರೆಂಚ್ ಲೇಖಕ ಹಾಗೂ ವಿಮಾನ ಚಾಲಕ ಆಂಟ್ವಾನ್ ದ ಸೇಂಟ್ ಎಕ್ಸುಪೆರಿಯವರ 'ದಿ ಲಿಟ್ಲ್ ಪ್ರಿನ್ಸ್' (1943) ಕಥೆಯ ಬಾಲನಾಯಕ ಬಿ-612 ಎಂಬ ಪುಟ್ಟ ಕ್ಷುದ್ರಗ್ರಹದ ನಿವಾಸಿ. ಅಲ್ಲಿನ ಮಣ್ಣಿನಲ್ಲಿ ಬಾವೊಬಾಬ್ ಬೀಜಗಳು ತುಂಬಿವೆ. ಸಸಿಯಿರುವಾಗಲೇ ಕೀಳದಿದ್ದರೆ ಅವುಗಳ ಬೇರುಗಳು ಗ್ರಹವನ್ನೇ ಸೀಳುತ್ತವೆ. ಆದ್ದರಿಂದ ಅವನು ಪ್ರತಿದಿನ ಸಸಿಗಳನ್ನು ಗುರುತಿಸಿ ಕೀಳುತ್ತಾನೆ. ಎಳೆಯ ಸಸಿಯನ್ನು ಗುರುತಿಸುವುದು ಕಷ್ಟವೆಂಬುದು ಆ ಕಥೆಯ ಒಂದು ಎಳೆ. ಅದಕ್ಕೆ ನಿಜದ ಆಧಾರವೂ ಇದೆ: ದೊಡ್ಡಹುಣಸೆಯ ಸಸಿಯಲ್ಲಿ ಮೊದಲಿಗೆ ಬೆರಳುಗಳಿಲ್ಲದ ಸರಳ ಎಲೆಗಳು ಬರುತ್ತವೆ, ಬಲಿತ ಮರದ ಯಾವ ಲಕ್ಷಣವೂ ಅದರಲ್ಲಿ ಕಾಣದು. 1993ರಲ್ಲಿ ಪತ್ತೆಯಾದ 46610ನೇ ಕ್ಷುದ್ರಗ್ರಹಕ್ಕೆ ಫ್ರೆಂಚಿನಲ್ಲಿ ಬಿ-612 ಎಂಬುದರ ಉಚ್ಚಾರವನ್ನೇ ಹೆಸರಾಗಿ ಇಡಲಾಗಿದೆ. ಆ ಸಂಖ್ಯೆಯನ್ನು ಹದಿನಾರರ ಆಧಾರದ ಪದ್ಧತಿಯಲ್ಲಿ ಬರೆದರೆ ಬಿ612 ಎಂದಾಗುತ್ತದೆ.

ಡಿಸ್ನಿ ಸಂಸ್ಥೆಯ 'ದಿ ಲಯನ್ ಕಿಂಗ್' (1994) ಚಲನಚಿತ್ರದಲ್ಲಿ ರಫೀಕಿ ಎಂಬ ಮುದಿ ವಾನರನು ಬಾವೊಬಾಬ್ ಮರದಲ್ಲಿ ವಾಸಿಸುತ್ತಾನೆ. ವಿಜ್ಞಾನ ಕಥೆಗಳಲ್ಲಿ ಅನ್ಯಗ್ರಹದ ಹಣ್ಣುಗಳನ್ನೇ ಸೃಷ್ಟಿಸಿ ಹೆಸರಿಡುವ ಪದ್ಧತಿಯೂ ಇದೆ. 'ಸ್ಟಾರ್ ವಾರ್ಸ್ ರೆಬೆಲ್ಸ್' ಎಂಬ 2014ರ ಸಚಿತ್ರ ಧಾರಾವಾಹಿಯಲ್ಲಿ ಲೋಥಾಲ್ ಎಂಬ ಕಲ್ಪಿತ ಗ್ರಹದ ಸಂತೆಯಲ್ಲಿ ಪಾತ್ರಗಳು ಹುಡುಕುವ 'ಮೈಲೂರನ್' ಹಣ್ಣು ಅಂಥದ್ದು. ಕಥೆಗಾರನು ಅಪರಿಚಿತತೆಯನ್ನು ಉಳಿಸಿಕೊಳ್ಳಲು ಹೊಸ ಪದವನ್ನು ಕಟ್ಟುತ್ತಾನೆ. ಜನರು ಅಪರಿಚಿತತೆಯನ್ನು ಕಳೆಯಲು ಹಳೆಯ ಪದವನ್ನು ಬಳಸುತ್ತಾರೆ. ದೊಡ್ಡಹುಣಸೆ ಎರಡನೆಯ ಬಗೆಯ ಹೆಸರು.

ಸಸ್ಯಾಭಿವೃದ್ಧಿ ಮತ್ತು ಸಂರಕ್ಷಣೆ

ಕಥೆಯ ಕ್ಷುದ್ರಗ್ರಹದಲ್ಲಿ ಅಂಕೆಮೀರಿ ಹಬ್ಬುವ ಈ ಮರವು ಭಾರತದಲ್ಲಿ ತಾನಾಗಿ ಹಬ್ಬಿಲ್ಲ. ಲಂಟಾನ, ಪಾರ್ಥೇನಿಯಂ ಮತ್ತು ಬಳ್ಳಾರಿ ಜಾಲಿಗಳು ಹೊರಗಿನಿಂದ ಬಂದು ಇಲ್ಲಿನ ಬಯಲು, ಕಾಡುಗಳನ್ನು ಆವರಿಸಿದರೆ, ದೊಡ್ಡಹುಣಸೆಯು ನೆಟ್ಟಲ್ಲಿಯೇ ಉಳಿದಿದೆ. ಆಫ್ರಿಕಾದಲ್ಲಿ ಆನೆ, ಬಬೂನ್ ಮುಂತಾದ ಪ್ರಾಣಿಗಳು ಚಿಪ್ಪನ್ನೊಡೆದು ತಿಂದು ಬೀಜಗಳನ್ನು ದೂರಕ್ಕೆ ಒಯ್ಯುತ್ತವೆ. ಇಲ್ಲಿನ ಊರುಗಳ ನಡುವೆ ಆ ಕೆಲಸ ಮಾಡುವ ಪ್ರಾಣಿಗಳಿಲ್ಲ. ಮೊಳೆತ ಸಸಿಯೂ ದನ, ಆಡುಗಳ ಬಾಯಿಗೆ ಸಿಗುತ್ತದೆ. ಆದ್ದರಿಂದ ಈ ಮರದ ಮುಂದಿನ ಪೀಳಿಗೆಯು ಬಹುಮಟ್ಟಿಗೆ ಮನುಷ್ಯರ ಕೈಯಲ್ಲಿದೆ.

ಬೀಜದ ಹೊದಿಕೆ ಗಟ್ಟಿಯಾಗಿರುವುದರಿಂದ ಹಾಗೆಯೇ ಬಿತ್ತಿದರೆ ಮೊಳೆಯುವುದು ನಿಧಾನ. ಹೊದಿಕೆಯನ್ನು ಅರದಿಂದ ಕೊಂಚ ಉಜ್ಜಿ ಅಥವಾ ಬೀಜವನ್ನು ಬಿಸಿನೀರಿನಲ್ಲಿ ಹಾಕಿ, ಆರಿದ ಮೇಲೆ ಒಂದು ದಿನ ನೆನೆಯಲು ಬಿಟ್ಟು ಬಿತ್ತುವುದು ರೂಢಿ. ಸಸಿಯ ತಾಯಿಬೇರು ಗೆಡ್ಡೆಯಂತೆ ದಪ್ಪವಾಗುತ್ತದೆ. ನೀರು ನಿಲ್ಲುವ ಮಣ್ಣು ಇದಕ್ಕೆ ಹಿಡಿಸದು. ಬೀಜದಿಂದ ಬೆಳೆದ ಮರವು ಹೂ ಬಿಡಲು ಪ್ರದೇಶಾನುಸಾರ ಎಂಟು-ಹತ್ತು ವರ್ಷದಿಂದ ಇಪ್ಪತ್ತಕ್ಕೂ ಹೆಚ್ಚು ವರ್ಷ ತೆಗೆದುಕೊಳ್ಳುತ್ತದೆ.

ಹಳೆಯ ಮರಗಳ ಭವಿಷ್ಯದ ಬಗ್ಗೆ ಆಫ್ರಿಕಾದಿಂದ ಬಂದ ವರದಿ ಚಿಂತೆ ಹುಟ್ಟಿಸುವಂಥದ್ದು. ಪಟ್ರುಟ್ ತಂಡವು 2018ರಲ್ಲಿ ಪ್ರಕಟಿಸಿದಂತೆ, ಅಲ್ಲಿನ 13 ಅತಿ ಹಿರಿಯ ಮರಗಳಲ್ಲಿ 9 ಮತ್ತು 6 ಅತಿ ದೊಡ್ಡ ಮರಗಳಲ್ಲಿ 5 ಮರಗಳು ಹಿಂದಿನ ಹನ್ನೆರಡು ವರ್ಷಗಳಲ್ಲಿ ಸತ್ತಿದ್ದವು ಅಥವಾ ಅವುಗಳ ಅತ್ಯಂತ ಹಳೆಯ ಭಾಗಗಳು ಕುಸಿದಿದ್ದವು. ದಕ್ಷಿಣ ಆಫ್ರಿಕಾ ಪ್ರದೇಶದ ಹವಾಮಾನ ಬದಲಾವಣೆ ಇದಕ್ಕೆ ಕಾರಣವಾಗಿರಬಹುದೆಂದು ತಂಡವು ಶಂಕಿಸಿತು. ಅದನ್ನು ಖಚಿತಪಡಿಸಲು ಇನ್ನಷ್ಟು ಸಂಶೋಧನೆ ಬೇಕೆಂದೂ ಹೇಳಿತು.

ಕರ್ನಾಟಕದಲ್ಲಿ ಹಳೆಯ ಮರಗಳನ್ನು ಕಾನೂನಿನ ಮೂಲಕ ರಕ್ಷಿಸಿದ ಮಹತ್ವದ ಪೂರ್ವನಿದರ್ಶನವೊಂದಿದೆ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿ ತಾಲೂಕಿನ ನಲ್ಲೂರಿನ ಸುಮಾರು 54 ಎಕರೆ ವಿಸ್ತಾರದ ಹುಣಸೆ ತೋಪನ್ನು 2002ರ ಜೀವವೈವಿಧ್ಯ ಕಾಯ್ದೆಯಡಿ 2007ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಲಾಯಿತು. ದೇಶದಲ್ಲಿ ಈ ಮಾನ್ಯತೆ ಪಡೆದ ಮೊದಲ ತಾಣ ಅದು. ಆಫ್ರಿಕಾದಿಂದ ಬಂದ ಹುಣಸೆಯೇ ಹೀಗೆ ನಾಡಿನ ಪರಂಪರೆಯಾಗಿರುವಾಗ, ಅದೇ ಖಂಡದಿಂದ ಅನಂತರ ಬಂದು ಅದರ ಹೆಸರನ್ನೇ ಪಡೆದ ದೊಡ್ಡಹುಣಸೆಯನ್ನು ಪರಕೀಯವೆಂದು ಬದಿಗಿಡಲು ಕಾರಣವಿಲ್ಲ. ಉಳಿದ ಮರಗಳ ಬುಡದಲ್ಲಿ ನೀರು ನಿಲ್ಲದಂತೆ ಮತ್ತು ಮಣ್ಣು ತುಳಿತದಿಂದ ಗಟ್ಟಿಯಾಗದಂತೆ ನೋಡಿಕೊಳ್ಳುವುದು, ಅವುಗಳ ಹಣ್ಣಿನ ಬೀಜದಿಂದ ಸಸಿಗಳನ್ನು ಬೆಳೆಸಿ ಸುತ್ತಲಿನ ಬಯಲು ಊರುಗಳಲ್ಲಿ ನೆಡುವುದು ಸಂರಕ್ಷಣೆಯ ಸರಳ ಮಾರ್ಗಗಳು. ಮರುನೆಟ್ಟ ಮರವೊಂದು ಬದುಕುವುದೋ ಇಲ್ಲವೋ ಎಂಬುದು ಮಣ್ಣು ಮತ್ತು ಮಳೆಗೆ ಬಿಟ್ಟದ್ದು. ಆದರೆ ಒಂದೊಂದು ಹಣ್ಣಿನಲ್ಲೂ ಮುಂದಿನ ಮರಗಳಿಗೆ ಬೇಕಾದಷ್ಟು ಬೀಜಗಳಿವೆ.